ಮಾರ್ಮನ್ ಕಾಗದಗಳೂ ಅವ್ವನ ಟೆಂಪೊವೂ

ಹೆಂಗಸರೇ ಬಸ್ಸು ತುಂಬಿಕೊಂಡು ಬಂದು, ಹೆಂಗಸರಿಗೆ ಸಮಾನ ಹಕ್ಕು ಬೇಡವೆಂದು ಕೈ ಎತ್ತಿದರು ಎಂಬುದನ್ನು ನಾನು ಮೊದಲ ಸಲ ಓದಿದ್ದು ದಾವಣಗೆರೆಯ ನಮ್ಮ ಮನೆಯಲ್ಲಿ, ಅಡುಗೆಮನೆಯ ಹೊಸ್ತಿಲ ಪಕ್ಕ ಕೂತು. ಒಳಗೆ ಅವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ನಾನು ಓದುವುದನ್ನು ನಿಲ್ಲಿಸಿ, "ಥೂ, ಇವರಿಗೇನು ಬಂತು ಕೇಡು" ಎಂದು ಜೋರಾಗಿಯೇ ಬೈದೆ. ಅವ್ವ ರೊಟ್ಟಿ ತಿರುವಿ ಹಾಕಿ, "ಯಾರಿಗೆ ಬೈತೀಯ?" ಎಂದಳು. ಅಮೆರಿಕದವರಿಗೆ ಎಂದೆ. "ಹಂಗಾದ್ರೆ ಬೈಯಿ, ಅವರಿಗೇನು ಕೇಳಿಸಲ್ಲ" ಎಂದು ಇನ್ನೊಂದು ಉಂಡೆ ಕೈಗೆತ್ತಿಕೊಂಡಳು.

ದಾವಣಗೆರೆ ಆಗಷ್ಟೇ ಜಿಲ್ಲೆಯಾಗಿತ್ತು. ನಾನು ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಹೇಳುವ ಅರೆಕಾಲಿಕ ಉಪನ್ಯಾಸಕಿ. ಸಿಟ್ಟನ್ನು ಮೂಗಿನ ತುದಿಯಲ್ಲೇ ಇಟ್ಟುಕೊಂಡು ತಿರುಗುತ್ತಿದ್ದ ವಯಸ್ಸು. ಸಂವಿಧಾನದ ಪಾಠ ಮಾಡುವಾಗ ಸಮಾನತೆಯ ಅಧ್ಯಾಯ ಬಂದರೆ ನನ್ನ ದನಿ ಪಕ್ಕದ ಕೊಠಡಿಗೂ ಕೇಳಿಸುತ್ತಿತ್ತಂತೆ. ಜೊತೆಗೆ ಎಂ.ಫಿಲ್. ಮಾಡುತ್ತಿದ್ದೆ, ಧರ್ಮ ಮತ್ತು ಮಹಿಳೆಯರ ಹಕ್ಕು ಎಂಬುದು ವಿಷಯ. ನನ್ನ ಗೈಡ್ ಆಗಿದ್ದ ಮೇಷ್ಟ್ರು ಬಹಳ ಮೆತ್ತಗಿನ ಮನುಷ್ಯ. ಅಮೆರಿಕದ ಒಂದು ವಿಶ್ವವಿದ್ಯಾಲಯದ ದಾಖಲೆ ಭಂಡಾರಕ್ಕೆ ಅವರು ಏನೋ ಕೇಳಿ ಪತ್ರ ಬರೆದಿದ್ದರು. ಎಷ್ಟೋ ತಿಂಗಳಾದ ಮೇಲೆ ಅಲ್ಲಿಂದ ಒಂದು ದಪ್ಪ ಝೆರಾಕ್ಸ್ ಕಟ್ಟು ಬಂತು. "ನಾನು ಕೇಳಿದ್ದೊಂದು, ಅವರು ಕಳಿಸಿದ್ದೊಂದು. ತಗೊಳ್ಳಮ್ಮ, ನಿನಗಾದ್ರೂ ಉಪಯೋಗಕ್ಕೆ ಬಂದೀತು" ಎಂದು ಅದನ್ನು ನನ್ನ ಕೈಗೆ ದಾಟಿಸಿದರು.

ಕಟ್ಟಿನ ತುಂಬ ಮಾರ್ಮನ್ನರು. ಅಮೆರಿಕದ ಪಶ್ಚಿಮಕ್ಕೆ ಯೂಟಾ ಎಂಬ ಸೀಮೆಯಲ್ಲಿ ಬೇರೂರಿರುವ ಒಂದು ಕ್ರೈಸ್ತ ಪಂಥ ಅದು. ಎಪ್ಪತ್ತರ ದಶಕದಲ್ಲಿ ಆ ದೇಶದ ಸಂವಿಧಾನಕ್ಕೆ ಒಂದು ಪುಟ್ಟ ತಿದ್ದುಪಡಿ ಸೇರಿಸಬೇಕೆಂದು ದೊಡ್ಡ ಜಗಳ ನಡೆದಿತ್ತು. ಗಂಡು ಹೆಣ್ಣು ಎಂಬ ಕಾರಣಕ್ಕೆ ಕಾನೂನು ಭೇದ ಮಾಡಬಾರದು, ಅಷ್ಟೇ ಅದರ ಸಾರ. ಮಾರ್ಮನ್ ಪಂಥದ ಹಿರಿಯರಿಗೆ ಅದು ಬೇಡವಾಗಿತ್ತು. ಬೇಡವೆನ್ನುವ ಕೆಲಸವನ್ನು ಅವರು ಹೆಂಗಸರ ಕೈಗೇ ಕೊಟ್ಟರು. ಒಂದೊಂದು ಸಭಾಮಂದಿರದಿಂದ ಇಷ್ಟಿಷ್ಟು ಹೆಂಗಸರು ಮಹಿಳಾ ಸಮ್ಮೇಳನಕ್ಕೆ ಹೋಗಬೇಕು ಎಂದು ಸೂಚನೆ ಹೋಯಿತು. ಹೆಂಗಸರು ಬಂದರು, ಸಭೆ ತುಂಬಿದರು, ಮುಂದಿಟ್ಟ ನಿರ್ಣಯಗಳಿಗೆಲ್ಲ ಬೇಡ ಬೇಡ ಎಂದು ಮನೆಗೆ ಹೋದರು. ನನಗೆ ದಿಗಿಲಾದದ್ದು ಇನ್ನೊಂದು ಸಂಗತಿಗೆ. ಇದೇ ಯೂಟಾದ ಹೆಂಗಸರಿಗೆ, ಅಂದರೆ ಇವರ ಅಜ್ಜಿ ಮುತ್ತಜ್ಜಿಯರಿಗೆ, ಅಮೆರಿಕದ ಉಳಿದ ಹೆಂಗಸರಿಗಿಂತ ಎಷ್ಟೋ ಮೊದಲೇ ಮತದ ಹಕ್ಕು ಸಿಕ್ಕಿತ್ತು. ಅಜ್ಜಿ ಗಳಿಸಿದ್ದನ್ನು ಮೊಮ್ಮಗಳು ಬಾಗಿಲ ಹೊರಗಿಟ್ಟಳಲ್ಲ ಎಂದು ನನಗೆ ಆ ರಾತ್ರಿ ಊಟ ಸೇರಲಿಲ್ಲ.

ಕಟ್ಟಿನಲ್ಲಿ ಒಂದು ಫೋಟೊ ಇತ್ತು. ದೊಡ್ಡ ಸಭಾಂಗಣ, ಸಾಲು ಸಾಲು ಹೆಂಗಸರು, ಎಲ್ಲರ ಕೈಯೂ ಮೇಲೆ. ಝೆರಾಕ್ಸಿನ ಝೆರಾಕ್ಸ್ ಆಗಿ ಮುಖಗಳೆಲ್ಲ ಕಪ್ಪು ಮಸಿಯಾಗಿದ್ದವು. ನಾನು ಅದನ್ನು ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ನೋಡಿದ್ದೇನೆ. ಕೈ ಎತ್ತುವಾಗ ಅವರ ಮುಖ ಹೇಗಿತ್ತೋ ತಿಳಿಯಬೇಕಿತ್ತು ನನಗೆ.

ಅವ್ವ ಓದಿದ್ದು ಏಳನೇ ಇಯತ್ತೆ. ಮಾಯಕೊಂಡದ ದೊಡ್ಡ ಒಕ್ಕಲುಮನೆಯ ಮಗಳು. ನಮ್ಮ ಓಣಿಯ ಹೆಣ್ಣುಮಕ್ಕಳ ಬಳಗಕ್ಕೆ ಅವಳೇ ಮುಂದಾಳು. ವಾರಕ್ಕೊಮ್ಮೆ ನಮ್ಮ ಪಡಸಾಲೆಯಲ್ಲಿ ವಚನ ಹಾಡುತ್ತಿದ್ದರು, ಹಾಡಿದ ಮೇಲೆ ಮಂಡಕ್ಕಿ ಒಗ್ಗರಣೆ ತಿಂದು ಊರ ಸುದ್ದಿಯನ್ನೆಲ್ಲ ಜರಡಿ ಹಿಡಿಯುತ್ತಿದ್ದರು. ಯಾರ ಮನೆಯ ಮದುವೆಗಾದರೂ ಇನ್ನೂರು ಜನಕ್ಕೆ ಹೋಳಿಗೆ ಮಾಡಿಸುವುದು, ಯಾರನ್ನು ಯಾವ ಗಾಡಿಯಲ್ಲಿ ಕೂರಿಸುವುದು, ಎಲ್ಲ ಅವಳ ಬೆರಳ ತುದಿಯಲ್ಲಿ. ನನ್ನ ಓದಿನ ಬಗ್ಗೆ ಅವಳು ಅಲ್ಲಿಯವರೆಗೆ ಕೇಳಿದ್ದು ಒಂದೇ ಪ್ರಶ್ನೆ: ಇದು ಮುಗಿಯೋದು ಯಾವಾಗ, ನಿನ್ನ ಮದುವೆ ಯಾವಾಗ. ಹಾಗಿರುವಾಗ ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತ, "ಅದೇನ್ ಓದ್ತೀಯೋ ನನಗೂ ಕನ್ನಡದಾಗೆ ಹೇಳು" ಎಂದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ನಾನು ದಿನಾ ಓದಿ ಹೇಳತೊಡಗಿದೆ. ಅವ್ವ ಕೇಳುವ ಪ್ರಶ್ನೆಗಳಂತೂ ಎಂ.ಎ. ಓದಿದ ನನ್ನ ಗೆಳತಿಯರಿಗೂ ಹೊಳೆಯುತ್ತಿರಲಿಲ್ಲ.

"ಅಷ್ಟು ಮಂದಿ ಹೆಂಗಸರು ಮನೆ ಬಿಟ್ಟು ಬಂದ್ರಲ್ಲ, ಊಟ ಯಾರು ಕಟ್ಟಿಕೊಟ್ರು?"

"ಅವರವರೇ ಕಟ್ಟಿಕೊಂಡು ಬಂದಿರಬೇಕವ್ವ."

"ಮಕ್ಕಳನ್ನ?"

"ಯಾರೋ ನೋಡಿಕೊಂಡಿರ್ತಾರೆ."

"ಕೈ ಎತ್ತೋದು ಯಾವಾಗ ಅಂತ ಹೆಂಗೆ ಗೊತ್ತಾಗ್ತಿತ್ತು?"

ಸಭೆಯಲ್ಲಿ ಯಾರೋ ಸನ್ನೆ ಮಾಡುತ್ತಿದ್ದರು ಎಂದು ದೂರು ಇತ್ತು ಎಂದೆ. ಅವ್ವ ಅಕ್ಕಿಯಿಂದ ಕಲ್ಲು ಹೆಕ್ಕಿ ಪಕ್ಕಕ್ಕಿಟ್ಟು, "ಮುಂದಿನ ಸಾಲಿನಾಗೆ ಕೂತಿದ್ರೋ ಹಿಂದೆನೋ?" ಎಂದಳು. ಇಂಥ ತಾಯಿಯನ್ನು ಏಳನೇ ಇಯತ್ತೆಗೇ ಶಾಲೆ ಬಿಡಿಸಿದರಲ್ಲ ಎಂದು ಮಾಯಕೊಂಡದ ತಾತನ ಮೇಲೆ ಸಿಟ್ಟು ಬಂತು. ಮಾರ್ಮನ್ ಹೆಂಗಸೊಬ್ಬಳು ಸಮಾನ ಹಕ್ಕು ಬೇಕೆಂದು ಬಹಿರಂಗವಾಗಿ ಹೋರಾಡಿ, ಕೊನೆಗೆ ಅವಳನ್ನು ಪಂಥದಿಂದಲೇ ಹೊರಗೆ ಹಾಕಿದ್ದನ್ನು ಹೇಳಿದಾಗ ಅವ್ವ ಕೈಯ ಕೆಲಸ ನಿಲ್ಲಿಸಿದಳು. "ಪಾಪ, ಆಕೆ ಹಟ ಮಾಡಬಾರದಿತ್ತು" ಎಂದಳು. ಅಷ್ಟಾದರೂ ಮರುಗಿದಳಲ್ಲ ಎಂದುಕೊಂಡೆ ನಾನು.

ಆ ಹೊತ್ತಿಗೆ ನಮ್ಮ ಮನೆಯಲ್ಲಿ ಇನ್ನೊಂದು ಮಾತು ನಡೆದಿತ್ತು. ಅಪ್ಪನ ತಂದೆ, ದಾವಣಗೆರೆಯ ತಾತ, ತೀರಿಕೊಂಡು ವರ್ಷವಾಗಿತ್ತು. ಜಿಲ್ಲೆಯಾದದ್ದೇ ತಡ, ಹದಡಿ ರಸ್ತೆಯಲ್ಲಿದ್ದ ನಮ್ಮ ಜಮೀನಿಗೆ ಬೆಲೆ ಬಂದುಬಿಟ್ಟಿತ್ತು. ಅಪ್ಪ, ಚಿಕ್ಕಪ್ಪ ಇಬ್ಬರೂ ಮಂಡಿ ವ್ಯಾಪಾರದವರು. ಅದನ್ನು ಮಾರಿ ಹೊಸ ಗೋದಾಮು ಕಟ್ಟಿಸಬೇಕೆಂದು ಓಡಾಡುತ್ತಿದ್ದರು. ಗಂಡಸರ ಮಾತು, ನಾನು ಕಿವಿ ಕೊಟ್ಟಿರಲಿಲ್ಲ. ಕಿವಿ ಕೊಡುವಂತೆ ಮಾಡಿದ್ದು ಅತ್ತೆ.

ಅತ್ತೆ ಎಂದರೆ ಅಪ್ಪನ ತಂಗಿ. ಹರಿಹರದ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರು. ಮದುವೆಯಾಗಿರಲಿಲ್ಲ, ಯಾಕೆ ಆಗಲಿಲ್ಲ ಎಂಬುದಕ್ಕೆ ನಮ್ಮ ಮನೆಯಲ್ಲಿ ಒಬ್ಬೊಬ್ಬರ ಹತ್ತಿರ ಒಂದೊಂದು ಉತ್ತರವಿತ್ತು. ಶಾಲೆಯ ಹತ್ತಿರ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದಳು. ಆ ಮನೆಯ ಯಜಮಾನರು ಮನೆ ಮಾರುತ್ತೇವೆ, ಬಿಡಿ ಎಂದು ಹೇಳಿದ್ದರು. ಐವತ್ತರ ಹತ್ತಿರ ಬಂದ ಒಂಟಿ ಹೆಂಗಸಿಗೆ ಹರಿಹರದಲ್ಲಿ ಇನ್ನೊಂದು ಮನೆ ಕೊಡುವವರು ಯಾರೂ ಸಿಗಲಿಲ್ಲ. ಆ ಎರಡು ಕೋಣೆಯನ್ನು ತಾನೇ ಕೊಂಡುಬಿಡಬೇಕು ಎಂದು ಅತ್ತೆಗೆ ಆಸೆ. ಅದಕ್ಕೆ ಹಾದಿ ಒಂದೇ ಇತ್ತು.

ಒಂದು ಶನಿವಾರ ನಾನು ಹರಿಹರಕ್ಕೆ ಹೋಗಿದ್ದೆ. ಅತ್ತೆ ಚಹಾ ಕೊಟ್ಟು, "ನಿಮ್ಮಪ್ಪ ಕಾಗದ ಕಳಿಸ್ಯಾನೆ, ಹಕ್ಕು ಬಿಟ್ಟೀನಿ ಅಂತ ಸಹಿ ಮಾಡು ಅಂತಾನೆ. ನಾನು ಮಾಡಲ್ಲ" ಎಂದಳು. ನಾನು ತಡಬಡಿಸಿ, ನಿನಗೆಲ್ಲಿಯ ಹಕ್ಕು ಎಂಬಂತೆ ಮುಖ ಮಾಡಿರಬೇಕು. ಅತ್ತೆ ನಕ್ಕುಬಿಟ್ಟಳು.

"ಕಾಲೇಜಿನಾಗೆ ಪಾಠ ಹೇಳ್ತೀಯ, ಇದು ಗೊತ್ತಿಲ್ಲೇನು? ನಮ್ಮ ರಾಜ್ಯದಾಗೆ ಕಾನೂನು ಬದಲಾಗೇತೆ. ಅದು ಬಂದಾಗ ಮದುವೆ ಆಗದೆ ಇದ್ದ ಹೆಣ್ಣುಮಕ್ಕಳಿಗೆ ಹಿರೀಕರ ಆಸ್ತಿಯಾಗೆ ಗಂಡುಮಕ್ಕಳಷ್ಟೇ ಪಾಲು. ನಾನು ಮದುವೆ ಆಗಿಲ್ಲ, ನೀನೂ ಆಗಿಲ್ಲ. ನನ್ನ ಸಹಿ ಒಂದೇ ಅಲ್ಲ, ನಿನ್ನ ಸಹಿನೂ ಬೇಕು ಅವರಿಗೆ."

ನನಗೆ ನೆತ್ತಿಯ ಮೇಲೆ ತಣ್ಣೀರು ಸುರಿದಂತಾಯಿತು. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಅದು ನಾನೇ. ಯೂಟಾದಲ್ಲಿ ಯಾರು ಯಾವಾಗ ಮತ ಹಾಕಿದರೆಂದು ಬಾಯಿಪಾಠ ಮಾಡಿದ್ದವಳಿಗೆ ನನ್ನದೇ ಮನೆಯಲ್ಲಿ ನಾನು ಪಾಲುದಾರಳು ಎಂಬುದು ಗೊತ್ತಿರಲಿಲ್ಲ. ವಾಪಸ್ ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಹೊರಗೆ ಏನೂ ನೋಡದೆ ಬಂದೆ. ಮನೆಗೆ ಬಂದು ಅವ್ವನಿಗೆ ಹೇಳಿದೆ. ಅತ್ತೆ ಸಹಿ ಮಾಡುವುದಿಲ್ಲವಂತೆ, ಅವಳಿಗೆ ಮನೆ ಬೇಕಂತೆ, ಕಾನೂನು ಅವಳ ಕಡೆ ಇದೆಯಂತೆ. ಅವ್ವ ಎಲ್ಲ ಕೇಳಿಸಿಕೊಂಡು, "ಹೌದಾ" ಎಂದಳು. ಆಮೇಲೆ, "ಆ ನಿನ್ನ ಅಮೆರಿಕದ ಹೆಂಗಸರು ಕೈ ಎತ್ತಿದ ಮ್ಯಾಲೆ ಏನಾತು? ಗೆದ್ರಾ?" ಎಂದು ಕೇಳಿದಳು.

"ಗೆದ್ದರು. ಆ ತಿದ್ದುಪಡಿ ಬರಲೇ ಇಲ್ಲ" ಎಂದೆ.

ಮುಂದಿನ ಭಾನುವಾರ ಬೆಳಿಗ್ಗೆ ಮನೆಯ ಮುಂದೆ ಒಂದು ಟೆಂಪೊ ಬಂದು ನಿಂತಿತ್ತು. ಬಳಗದ ಹೆಂಗಸರೆಲ್ಲ ಇಳಕಲ್ ಸೀರೆ ಉಟ್ಟು, ಹೂ ಮುಡಿದು ಹತ್ತುತ್ತಿದ್ದರು. ಅವ್ವ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಬುತ್ತಿ ಕಟ್ಟಿ ಬುಟ್ಟಿಗೆ ಜೋಡಿಸುತ್ತಿದ್ದಳು. "ಉಕ್ಕಡಗಾತ್ರಿಗೆ ಹೋಗಿ ಬರಾನ, ನೀನೂ ಬಾ, ಬರೇ ಓದಿ ಓದಿ ಬಾಡಿ ಹೋಗೀಯ" ಎಂದಳು. ಗಾತ್ರಿಯಲ್ಲಿ ಹೊಳೆಯ ದಂಡೆ ಚೆನ್ನ, ದರ್ಶನವಾದ ಮೇಲೆ ನೆರಳಲ್ಲಿ ಕೂತು ಉಣ್ಣುವುದು ಇನ್ನೂ ಚೆನ್ನ. ನಾನು ಹೊಸ ಸೀರೆ ಉಟ್ಟು ಕುಣಿಯುತ್ತಲೇ ಹತ್ತಿದೆ.

ಊರು ದಾಟಿ ಹೆದ್ದಾರಿಗೆ ಬಂದಿದ್ದೆವು. ನನ್ನ ಪಕ್ಕದಲ್ಲಿದ್ದ ಬಳಗದ ಅಜ್ಜಿ ಕಣ್ಣು ಮುಚ್ಚಿಕೊಂಡು ಏನೋ ಪಿಟಿಪಿಟಿ ಅನ್ನುತ್ತಿದ್ದಳು. ಮಂತ್ರವಿರಬೇಕೆಂದು ಭಕ್ತಿಯಿಂದ ಸುಮ್ಮನಿದ್ದೆ. ದನಿ ಸ್ವಲ್ಪ ಏರಿದಾಗ ಕೇಳಿಸಿತು: "ಹೆಣ್ಣಿಗೆ ಆಸ್ತಿಗಿಂತ ತವರು ದೊಡ್ಡದು. ಹೆಣ್ಣಿಗೆ ಆಸ್ತಿಗಿಂತ ತವರು ದೊಡ್ಡದು." ನಾನು ತಿರುಗಿ ನೋಡುವಷ್ಟರಲ್ಲಿ ಹಿಂದಿನ ಸೀಟಿನಿಂದ ಇನ್ನೊಬ್ಬರು, "ಅಕ್ಕಾರೆ, ನಂದು ಅಣ್ಣತಮ್ಮರ ಮನಸ್ಸು ಮುರುದ್ರೆ ಕೂಡಲ್ಲ ಅನ್ನೋದಾ, ಇಲ್ಲಾ ನಮಗೇನು ಕಮ್ಮಿ ಆಗೇತಿ ಅನ್ನೋದಾ?" ಎಂದು ಅವ್ವನನ್ನು ಕೇಳಿದರು. ಅವ್ವ ಮುಂದಿನ ಸೀಟಿನಿಂದಲೇ, "ಕಮ್ಮಿ ಆಗೇತಿ ಅನ್ನೋದು ನಿಂದು. ಮನಸ್ಸು ಮುರಿಯೋದು ಆಕೆದು" ಎಂದು ತಿದ್ದಿದಳು.

ನಾನು ಎದ್ದು, ಕಂಬಿ ಹಿಡಿದುಕೊಂಡು ಅವ್ವನ ಹತ್ತಿರ ಹೋಗಿ, "ಅವ್ವ, ಎಲ್ಲಿಗೆ ಹೊರಟೀವಿ?" ಎಂದೆ.

"ಮೊದ್ಲು ಹರಿಹರ. ನಿಮ್ಮತ್ತೆ ಮನೆ. ಆಮ್ಯಾಲೆ ಗಾತ್ರಿ."

"ಏನಿದು ಅವ್ವ?"

ಅವ್ವ ನನ್ನನ್ನು ನೋಡಿದ ನೋಟದಲ್ಲಿ ಕಳ್ಳತನ ಇರಲಿಲ್ಲ, ಅಳುಕೂ ಇರಲಿಲ್ಲ. ಹೊಸ ಅಡುಗೆ ಕಲಿತು ಮಾಡಿ ಬಡಿಸುವಾಗ ಇರುತ್ತದಲ್ಲ, ಅಂಥ ಹಿಗ್ಗು. "ನೀನೇ ಓದಿ ಹೇಳಿದ್ದಲ್ಲ. ಗಂಡಸರು ಹೋಗಿ ಹೇಳಿದ್ರೆ ಜಗಳ ಆಗ್ತೈತೆ. ಹೆಂಗಸರೇ ಹೋಗಿ ಬ್ಯಾಡ ಅಂದ್ರೆ ಕೇಳ್ತಾರೆ. ಅಲ್ಲಿ ನಡೀತು, ಇಲ್ಲಿ ಯಾಕ ನಡೆಯಲ್ಲ?"

ನಾನು ತಬ್ಬಿಬ್ಬಾಗಿ ಅಲ್ಲೇ ಬುತ್ತಿಯ ಬುಟ್ಟಿಯ ಪಕ್ಕ ಕೂತುಬಿಟ್ಟೆ. ನಾನು ಎಚ್ಚರಿಕೆಯ ಕತೆ ಎಂದು ಹೇಳಿದ್ದನ್ನು ಅವಳು ಮಾಡುವ ವಿಧಾನ ಎಂದು ಕೇಳಿಸಿಕೊಂಡಿದ್ದಳು. ಊಟ ಯಾರು ಕಟ್ಟಿದರು ಎಂದು ಕೇಳಿದ್ದು ಇದಕ್ಕೆ. ಮಕ್ಕಳನ್ನು ಯಾರು ನೋಡಿಕೊಂಡರು ಎಂದದ್ದೂ ಇದಕ್ಕೇ. ಟೆಂಪೊದಲ್ಲಿ ಒಂದೇ ಒಂದು ಕೂಸು ಇರಲಿಲ್ಲ. ಇಳಿದು ಹೋಗಿಬಿಡಲೇ ಎಂದುಕೊಂಡೆ. ಆದರೆ ಅತ್ತೆಯನ್ನು ಇಷ್ಟು ಜನರ ಎದುರು ಒಂಟಿಯಾಗಿ ಬಿಡುವುದು ಹೇಗೆ? ಬುಟ್ಟಿಯ ಪಕ್ಕದಲ್ಲಿ ಹಸಿರು ಬಟ್ಟೆ ಮುಚ್ಚಿದ ಒಂದು ಮೊರವಿತ್ತು. ಬಟ್ಟೆ ಸರಿಸಿ ನೋಡಿದೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಕೊಂಬು, ಎಲೆ ಅಡಿಕೆ, ಮೇಲೊಂದು ರೇಷ್ಮೆಯ ಕುಪ್ಪಸದ ಖಣ. ಉಡಿ ತುಂಬುವ ಸಾಮಾನು.

ನಮ್ಮ ಕಡೆ ಹೆಣ್ಣುಮಗಳು ತವರಿನಿಂದ ಹೊರಡುವಾಗ ಉಡಿ ತುಂಬಿ ಕಳಿಸುತ್ತಾರೆ. ಅವಳು ಸೆರಗು ಒಡ್ಡುತ್ತಾಳೆ, ತಾಯಿಯೋ ಅತ್ತಿಗೆಯೋ ಅಕ್ಕಿ ಕೊಬ್ಬರಿ ಹಾಕುತ್ತಾರೆ. ಆಸ್ತಿಯ ಹಕ್ಕು ಬಿಟ್ಟುಕೊಟ್ಟ ಹೆಣ್ಣುಮಗಳಿಗೆ ಒಂದು ಒಳ್ಳೆಯ ಸೀರೆ ಉಡಿಸಿ, ಉಡಿ ತುಂಬಿದರೆ ಲೆಕ್ಕ ಚುಕ್ತಾ. ಬೇಡ ಎನ್ನುವವರು ಯಾರೂ ಇಲ್ಲ. ಉಡಿ ಬೇಡ ಎಂದರೆ ತವರೇ ಬೇಡ ಎಂದಂತೆ.

ಅತ್ತೆ ಬಾಗಿಲು ತೆರೆದವಳು ಇಷ್ಟು ಜನರನ್ನು ನೋಡಿ ಕಣ್ಣರಳಿಸಿದಳು. "ಬರ್ರಿ, ಬರ್ರಿ, ಕೂಡ್ರಿ" ಎಂದು ಇದ್ದಬದ್ದ ಚಾಪೆ, ಜಮಖಾನ ಎಲ್ಲ ಹಾಸಿದಳು. ಅವ್ವ ಯಾರು ಮುಂದೆ, ಯಾರು ಹಿಂದೆ ಎಂದು ಕಣ್ಣಲ್ಲೇ ಕೂರಿಸಿದಳು. ನೀರು ಕುಡಿದದ್ದಾಯಿತು, ಮಳೆ ಬೆಳೆ ವಿಚಾರಿಸಿದ್ದಾಯಿತು. ಅವ್ವ ಸೆರಗನ್ನು ಸರಿಮಾಡಿಕೊಂಡಳು. ತಕ್ಷಣ ಅಜ್ಜಿ, "ಹೆಣ್ಣಿಗೆ ಆಸ್ತಿಗಿಂತ ತವರು ದೊಡ್ಡದು ನೋಡವ್ವ" ಎಂದಳು. ಅವ್ವ ಮತ್ತೆ ಸೆರಗು ಮುಟ್ಟಿದಳು. ಎರಡನೆಯವರು ಅಣ್ಣತಮ್ಮರ ಮನಸ್ಸು ಮುರಿಯುವ ಮಾತಾಡಿದರು. ಸೆರಗೇ ಸನ್ನೆ!

ಆದರೆ ಅತ್ತೆಯ ಮನೆಯ ಟೇಬಲ್ ಫ್ಯಾನು ಯಾರ ಕಡೆಯದೂ ಆಗಿರಲಿಲ್ಲ. ಅದು ಕತ್ತು ತಿರುಗಿಸುತ್ತ ಬಂದು ಅವ್ವನ ಸೆರಗು ಹಾರಿಸಿತು. ಅವ್ವ ಗಡಿಬಿಡಿಯಲ್ಲಿ ಹಿಡಿದುಕೊಂಡಳು. ಮೂರನೆಯವರೂ ನಾಲ್ಕನೆಯವರೂ ಒಟ್ಟಿಗೇ ಬಾಯಿ ತೆರೆದು, "ನಮಗೇನು ಕಮ್ಮಿ", "ಕೊಟ್ಟ ಹೆಣ್ಣು" ಎಂದು ಡಿಕ್ಕಿ ಹೊಡೆದುಕೊಂಡರು. ಹಿಂದಿನ ಸಾಲಿನಲ್ಲಿ ಯಾರಿಗೋ ನಗು ತಡೆಯಲಾಗಲಿಲ್ಲ.

ಅತ್ತೆ ಎದ್ದು ಹೋಗಿ ಫ್ಯಾನು ಆರಿಸಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಶಾಲೆಯಲ್ಲಿ ನಿಲ್ಲುವಂತೆ ಗೋಡೆಗೆ ಒರಗಿ ನಿಂತಳು. "ಅತ್ತಿಗೆ, ಇಷ್ಟು ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸೀನಿ. ಬಾಯಿಪಾಠ ಯಾವುದು, ಮನಸಿನ ಮಾತು ಯಾವುದು ನನಗೆ ಗೊತ್ತಾಗಲ್ಲೇನು?" ಎಂದಳು. ಕೋಪವಿರಲಿಲ್ಲ ದನಿಯಲ್ಲಿ. ಆಮೇಲೆ ನಾಲ್ಕನೆಯವರ ಕಡೆ ತಿರುಗಿ, "ನೀವೇನೋ ಹೇಳೋಕೆ ಬಂದ್ರಿ, ಪೂರ್ತಿ ಹೇಳ್ರಿ" ಎಂದಳು.

ಅವರು ಅವ್ವನ ಮುಖ ನೋಡಿ, "ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಅಂತಾರಲ್ರಿ" ಎಂದರು.

"ಖರೆ ಐತೆ. ನನ್ನ ಯಾರಿಗೆ ಕೊಟ್ಟೀರಿ?"

ಅವ್ವ ಸಾವರಿಸಿಕೊಂಡು, ಮೊರವನ್ನು ಎತ್ತಿಕೊಂಡು ಎದ್ದಳು. ಅವಳಿಗೆ ಉಳಿದಿದ್ದ ಕೊನೆಯ ಅಸ್ತ್ರ ಅದೇ. "ಮಾತು ಬ್ಯಾಡವ್ವ. ಅತ್ತಿಗೆ ಅಂತ ಬಂದೀನಿ. ಉಡಿ ಒಡ್ಡು" ಎಂದಳು. ಕುಂಕುಮ ಹಚ್ಚಿದಳು. ಅತ್ತೆ ಹಣೆ ಒಡ್ಡಿದಳು, ಕುಂಕುಮ ಹಚ್ಚಿಸಿಕೊಂಡಳು. ಸೊಂಟಕ್ಕೆ ಸಿಕ್ಕಿಸಿದ ಸೆರಗನ್ನು ಮಾತ್ರ ಬಿಡಿಸಲಿಲ್ಲ.

"ಉಡಿ ತುಂಬಿಸಿಕೊಂಡ ಮ್ಯಾಲೆ ಹೊರಡಬೇಕು. ನಾನು ಹುಟ್ಟಿದ ಮನೆಯಿಂದ ಹೊರಡೋ ಹೆಣ್ಣು ಅಲ್ಲ, ನನಗೆ ಗಂಡನ ಮನೆ ಇಲ್ಲ. ಬಾಡಿಗೆ ಮನೆಯಿಂದನೂ ಹೋಗು ಅಂತಾರೆ. ನೀವೇ ಹೇಳ್ರಿ ಅತ್ತಿಗೆ, ನಾನು ಎಲ್ಲಿಗೆ ಹೊರಡ್ಲಿ?"

ಆಗ ನನಗೆ ಆ ಮುಖಗಳು ಕಂಡವು. ಝೆರಾಕ್ಸಿನಲ್ಲಿ ಮಸಿಯಾಗಿದ್ದ ಮುಖಗಳು. ಅಜ್ಜಿ ಸೆರಗಿನ ಅಂಚನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಒಬ್ಬರು ನೆಲದ ಬಂಡೆಯ ಗೆರೆಯನ್ನು ಬೆರಳಿನಿಂದ ತೀಡುತ್ತಿದ್ದರು. ಇನ್ನೊಬ್ಬರ ಕಣ್ಣಲ್ಲಿ ನೀರು ತುಂಬಿ, ಯಾರೂ ನೋಡಬಾರದೆಂದು ಕಿಟಕಿಯ ಕಡೆ ತಿರುಗಿದ್ದರು. ಅವರಲ್ಲಿ ಒಬ್ಬರೂ ಕೆಟ್ಟವರಲ್ಲ. ನನಗೆ ಜ್ವರ ಬಂದಾಗ ಕಷಾಯ ಮಾಡಿ ತಂದವರು, ಪರೀಕ್ಷೆಗೆ ಹೋಗುವಾಗ ಮೊಸರು ಸಕ್ಕರೆ ಬಾಯಿಗಿಟ್ಟವರು. ಅದೇ ನನ್ನನ್ನು ಹೆಚ್ಚು ಬೆಚ್ಚಿಬೀಳಿಸಿದ್ದು. ಅಮೆರಿಕದ ಆ ಹೆಂಗಸರನ್ನು ಕೂತಲ್ಲೇ ಬೈದಿದ್ದೆನಲ್ಲ, ಅವರೂ ಹೀಗೇ ಯಾರದೋ ಜ್ವರಕ್ಕೆ ಮದ್ದು ತಂದವರೇ ಆಗಿದ್ದಿರಬೇಕು.

ಅತ್ತೆಯೇ, "ಬುತ್ತಿ ತಂದೀರಲ್ಲ, ಇಲ್ಲೇ ಉಣ್ರಿ, ಬಿಸಿಲಾಗೆ ಕೆಡ್ತೈತೆ" ಎಂದಳು. ಎಲ್ಲರಿಗೂ ಮಜ್ಜಿಗೆ ಕೊಟ್ಟಳು. ಅತ್ತೆಯ ವಿರುದ್ಧ ಕಟ್ಟಿದ್ದ ಬುತ್ತಿಯನ್ನು ಅತ್ತೆಯ ಮನೆಯಲ್ಲೇ, ಅತ್ತೆಯ ಜೊತೆಯೇ ಉಂಡೆವು. ಬಿಸಿಲು ಇಳಿದ ಮೇಲೆ ಹೊರಡುವಾಗ ಅಜ್ಜಿ ಮೆಲ್ಲಗೆ, "ಗಾತ್ರಿ?" ಎಂದು ಕೇಳಿದಳು. "ಇನ್ನೊಂದ್ ಸಲ" ಎಂದಳು ಅವ್ವ. ದಾವಣಗೆರೆ ಮುಟ್ಟುವವರೆಗೂ ಟೆಂಪೊದಲ್ಲಿ ಯಾರೂ ಮಾತಾಡಲಿಲ್ಲ. ಸಭೆ ಮುಗಿಸಿ ಹೊರಟ ಮಾರ್ಮನ್ ಹೆಂಗಸರು ಬಸ್ಸಿನಲ್ಲಿ ಏನು ಮಾತಾಡಿಕೊಂಡರು ಎಂಬುದು ಆ ಕಟ್ಟಿನ ಯಾವ ಹಾಳೆಯಲ್ಲೂ ಇಲ್ಲ.

ಮನೆ ಸೇರಿದಾಗ ದೀಪ ಹಚ್ಚುವ ಹೊತ್ತು. ಪಡಸಾಲೆಯಲ್ಲಿ ಅಪ್ಪ, ಚಿಕ್ಕಪ್ಪ ಕಾಯುತ್ತಿದ್ದರು. ಅವ್ವನ ಮುಖ ನೋಡಿಯೇ ಅವರಿಗೆ ತಿಳಿಯಿತು. ಚಿಕ್ಕಪ್ಪ ಪಕ್ಕಾ ವ್ಯಾಪಾರಸ್ಥರು. ಒಂದು ಗಿರಾಕಿ ತಪ್ಪಿದರೆ ಮುಂದಿನದಕ್ಕೆ ತಿರುಗುವವರು. "ಆಕೆದು ಆಮ್ಯಾಲೆ ನೋಡಾನ. ಮನೆ ಹುಡುಗಿದು ಮೊದ್ಲು ಆಗ್ಲಿ" ಎಂದು ಕಾಗದವನ್ನು ನನ್ನ ಮುಂದೆ ಮಣೆಯ ಮೇಲಿಟ್ಟರು. ನಂತರ ಮೊರದ ಕಡೆ ನೋಡಿ, "ಅತ್ತಿಗೆ, ತುಂಬದೆ ತಂದ ಉಡಿ ಹಂಗೇ ಒಳಗೆ ಒಯ್ಯಬಾರದು, ಈಕೆಗೆ ತುಂಬಿಬಿಡ್ರಿ" ಎಂದರು.

ಅವ್ವ ನನ್ನನ್ನು ಮಣೆಯ ಪಕ್ಕ ಪೂರ್ವಕ್ಕೆ ಕೂರಿಸಿದಳು. ಕುಂಕುಮ ಹಚ್ಚಿದಳು. ಮೊರ ಎತ್ತಿದಳು. ನನ್ನ ಬಾಯಿ ಬೇಡ ಎನ್ನಲು ಹೊರಟಿತ್ತು. ನನ್ನ ಎರಡೂ ಕೈ ಮಾತ್ರ, ನನ್ನನ್ನು ಕೇಳದೆಯೇ, ಸೆರಗನ್ನು ಹಿಡಿದು ಮುಂದಕ್ಕೆ ಒಡ್ಡಿದ್ದವು. ಹುಟ್ಟಿದಾಗಿನಿಂದ ನೋಡಿ ನೋಡಿ ಆ ಕೈಗಳಿಗೆ ಅದು ರೂಢಿಯಾಗಿಬಿಟ್ಟಿತ್ತು. ಎತ್ತಿದ ಕೈಗಳ ಆ ಫೋಟೊ ನನ್ನ ಕಣ್ಣ ಮುಂದೆ ಬಂತು. ಅವ್ವನ ಬೊಗಸೆಯ ಅಕ್ಕಿ ನನ್ನ ಉಡಿಗೆ ಬಿತ್ತು. ಇನ್ನೊಂದು ಬೊಗಸೆ ಬಿತ್ತು.

ಮೂರನೆಯದಕ್ಕೆ ಅವ್ವ ಕೈಯನ್ನು ಅಕ್ಕಿಯೊಳಗೇ ಬಿಟ್ಟುಕೊಂಡು ನಿಂತಳು.

"ಯಾಕ ಅತ್ತಿಗೆ?" ಎಂದರು ಚಿಕ್ಕಪ್ಪ.

ಅವ್ವ ನನ್ನನ್ನೇ ನೋಡುತ್ತ, ಬಹಳ ಮೆಲ್ಲಗೆ, "ಮಾಯಕೊಂಡದಾಗೆ ನನಗೂ ಹಿಂಗೇ ತುಂಬಿದ್ರು. ಹಸಿರು ಸೀರೆ ಉಡಿಸಿದ್ರು. ಅವತ್ತಿನಿಂದ ಆ ಮನೆಯಾಗೆ ನಾನು ನೀರು ಬೇಕಂದ್ರೂ ಕೇಳಿ ಕುಡಿದೀನಿ" ಎಂದಳು.

ಹಾಗೆಂದವಳು ಮೊರವನ್ನು ನೆಲಕ್ಕಿಟ್ಟಳು. ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ನನ್ನ ಉಡಿಯೊಳಗೆ ಕೈ ಹಾಕಿ, ತುಂಬಿದ ಅಕ್ಕಿಯನ್ನು ತಾನೇ ಬೊಗಸೆ ಬೊಗಸೆಯಾಗಿ ತೆಗೆದು ಮೊರಕ್ಕೆ ಹಾಕತೊಡಗಿದಳು. ನಾನು ಹೌಹಾರಿದೆ. ತುಂಬಿದ ಉಡಿಯನ್ನು ತಾಯಿಯೊಬ್ಬಳು ಬರಿದು ಮಾಡುವುದನ್ನು ನಮ್ಮ ಮನೆತನದಲ್ಲಿ ಯಾರೂ ಕಂಡಿರಲಿಲ್ಲ, ಕೇಳಿರಲಿಲ್ಲ. ಅದರಷ್ಟು ಅಪಶಕುನ ಇನ್ನೊಂದಿಲ್ಲ. ಚಿಕ್ಕಪ್ಪ ಧಡಕ್ಕನೆ ಎದ್ದು ನಿಂತರು. ಅಪ್ಪನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಅವ್ವ ನನ್ನ ಸೀರೆಯ ನೆರಿಗೆಯಲ್ಲಿ ಸಿಕ್ಕಿಕೊಂಡಿದ್ದ ಕಾಳುಗಳನ್ನೂ ಬಿಡದೆ ಹೆಕ್ಕಿದಳು.

"ಸೆರಗು ಸಿಕ್ಕಿಸ್ಕ" ಎಂದಳು. ಸಿಕ್ಕಿಸಿಕೊಂಡೆ.

ಆ ಕಾಗದಕ್ಕೆ ನಾನು ಸಹಿ ಮಾಡಲಿಲ್ಲ, ಅತ್ತೆಯೂ ಮಾಡಲಿಲ್ಲ. ಜಮೀನು ಮಾರಾಟವಾಗುವಾಗ ಅತ್ತೆಯ ಪಾಲು ಅತ್ತೆಗೆ ಹೋಯಿತು. ಹರಿಹರದ ಆ ಎರಡು ಕೋಣೆ ಅವಳದಾದವು. ಚಿಕ್ಕಪ್ಪ ಅವ್ವನ ಜೊತೆ ಮಾತು ಬಿಟ್ಟರು, ಮತ್ತೆ ಆಡುವುದಕ್ಕೆ ವರ್ಷಗಳೇ ಹಿಡಿದವು. ಬಳಗದಲ್ಲಿಯೂ ಕೆಲವರು ನಮ್ಮ ಪಡಸಾಲೆಗೆ ಬರುವುದನ್ನು ನಿಲ್ಲಿಸಿದರು.

ಉಡಿ ಬರಿದು ಮಾಡಿದ ಆ ಸಂಜೆಯ ಮರುದಿನ ಬೆಳಿಗ್ಗೆ ನಾನು ಅಡುಗೆಮನೆಗೆ ಹೋದಾಗ ಆ ಮೊರ ಖಾಲಿಯಾಗಿತ್ತು. ಅವ್ವ ಆ ಅಕ್ಕಿಯನ್ನು ತೊಳೆದು ಒಲೆಯ ಮೇಲೆ ಇಟ್ಟಿದ್ದಳು. ಮಧ್ಯಾಹ್ನ ಅಪ್ಪ ಮಂಡಿಯಿಂದ ಊಟಕ್ಕೆ ಬಂದರು. ಅವ್ವ ಅದೇ ಅನ್ನ ಬಡಿಸಿ, ತುಪ್ಪ ಹಾಕಿ, ಇನ್ನೂ ಸ್ವಲ್ಪ ಹಾಕಲಾ ಎಂದು ಕೇಳಿದಳು. ಅಪ್ಪ ಹಾಕು ಎಂದರು.